ಮೂರು ಅಮಾವಾಸ್ಯೆಗೊಮ್ಮೆ ಆಯಿಲ್

ನಮ್ಮ ಮನೆಯ ಬಿಳಿ ಕಾರು ಎಷ್ಟು ದೂರ ಓಡಿದೆ ಎಂದು ತೋರಿಸುವ ಮೀಟರು ಎರಡು ಲಕ್ಷ ದಾಟಿದ ಮೇಲೆ ಒಂದು ದಿನ ನಿಂತುಬಿಟ್ಟಿತು. ಅಣ್ಣ ಅದನ್ನು ರಿಪೇರಿ ಮಾಡಿಸಲೇ ಇಲ್ಲ. "ವಯಸ್ಸಾದವ್ರಿಗೆ ವಯಸ್ಸೆಷ್ಟಂತ ಕೇಳಬಾರದಪಾ" ಎಂದು ನಗುತ್ತಿದ್ದ. ಅವನಿಗೆ ಮೀಟರಿನ ಗರಜೂ ಇರಲಿಲ್ಲ. ಅವನ ಲೆಕ್ಕವೆಲ್ಲ ಅಮಾವಾಸ್ಯೆಯ ಮೇಲೆ.

ನಮ್ಮ ಕಡೆ ಗಾಡಿ ಇದ್ದವರು ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುತ್ತಾರೆ. ಅಂದು ಬೆಳಿಗ್ಗೆ ಅಣ್ಣ ಲುಂಗಿ ಎತ್ತಿಕಟ್ಟಿ ಅಂಗಳಕ್ಕೆ ಇಳಿದನೆಂದರೆ ಮಧ್ಯಾಹ್ನದವರೆಗೆ ಯಾರ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಮೊದಲು ಕಾರು ತೊಳೆಯುವುದು. ಆಮೇಲೆ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹಾಕುವುದು, ಬ್ಯಾಟರಿಯ ಮೇಲೆ ಕಟ್ಟಿದ ಬಿಳಿ ಪುಡಿ ಕೆರೆಯುವುದು, ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡುವುದು, ಟಾಯರಿಗೆ ಗಾಳಿ. ಇಷ್ಟೆಲ್ಲ ಮುಗಿದ ಮೇಲೆ ವಿಭೂತಿ, ಕುಂಕುಮ, ಕಾಯಿ, ಗಾಲಿಯ ಕೆಳಗೊಂದೊಂದು ಲಿಂಬೆಹಣ್ಣು. ಮೂರು ಅಮಾವಾಸ್ಯೆಗೊಮ್ಮೆ ಎಂಜಿನ್ ಆಯಿಲ್ ಬದಲು. ಅದು ತಪ್ಪಿದ್ದೇ ಇಲ್ಲ. ರೋಣದ ನಮ್ಮ ಕಾಳಿನ ಅಂಗಡಿಯಿಂದ ನರಗುಂದದ ಪೇಟೆಗೆ, ಹಬ್ಬ ಹುಣ್ಣಿಮೆಗೆ ಗಜೇಂದ್ರಗಡದ ಬೀಗರ ಮನೆಗೆ, ಕಾರಿನ ಓಡಾಟ ಅಷ್ಟೇ ಇದ್ದಾಗ ಆ ಲೆಕ್ಕ ಸರಿಯಾಗಿಯೇ ಇತ್ತು. ಹಳೆಯ ಗಾಡಿಯನ್ನು ಅಷ್ಟು ಚಲೋ ಇಟ್ಟುಕೊಂಡವರು ನಮ್ಮ ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಆಮೇಲೆ ಅಣ್ಣನ ಹೆಂಡತಿಗೆ, ಅಂದರೆ ನನ್ನ ವೈನಿಗೆ, ಎರಡೂ ಕಿಡ್ನಿ ಹೋದವು. ವಾರಕ್ಕೆರಡು ಸಲ ಗದಗಿಗೆ ಹೋಗಿ, ಯಂತ್ರದ ಪಕ್ಕ ಮಲಗಿ, ರಕ್ತ ಸೋಸಿಸಿಕೊಂಡು ಬರಬೇಕು. ಬಿಟ್ಟರೆ ಜೀವ ನಿಲ್ಲುವುದಿಲ್ಲ ಎಂದರು ಡಾಕ್ಟರು. ಅಣ್ಣ ಬೇರೆಯವರ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ವೈನಿ ಅವನ ಪಕ್ಕಕ್ಕೆ, ನಾನು ಹಿಂದೆ. ತಿರುಗಿ ಬರುವಾಗ ಆಕೆಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಅದಕ್ಕೆಂದೇ ಕಾಲ ಬಳಿ ಒಂದು ಬೋಗುಣಿ ಇರುತ್ತಿತ್ತು. ಅಣ್ಣ ಕಾರು ನಿಲ್ಲಿಸಿ, ಅದನ್ನು ಹೊಲದ ಬದುವಿಗೆ ಚೆಲ್ಲಿ, ತಾನೇ ತೊಳೆದು ತಂದು ಇಡುತ್ತಿದ್ದ.

ಒಂದು ಅಮಾವಾಸ್ಯೆ ವೈನಿ ಕಟ್ಟೆಯ ಮೇಲೆ ಕುಳಿತು ಅಣ್ಣನ ಕೆಲಸ ನೋಡುತ್ತಿದ್ದರು.

"ಆಯಿಲ್ ಹಾಕಂಗಿಲ್ಲೇನ್ರಿ ಇವತ್ತ?"

"ಮುಂದಿನ ಅಮಾಸಿಗೆ ಐತಿ ಅದರ ಸರದಿ."

"ನನಗ ವಾರಕ್ಕೆರಡ ಸಲ ಸೋಸಬೇಕು, ಅದಕ್ಕ ಮೂರ ಅಮಾಸಿಗೊಮ್ಮಿ. ಇಬ್ರೂ ಕೂಡೇ ಗದಗಿಗೆ ಹೋಗಿ ಬರತೇವಿ. ಅದರ ಮ್ಯಾಲಷ್ಟ ಯಾಕ್ರಿ ಸಿಟ್ಟು?"

"ಏ, ಗಾಡಿ ಪೂಜಾರಿ ನಾನೋ ನೀನೋ?"

"ನೀವ ಬಿಡ್ರಿ. ನಾ ಬರೇ ಲಿಂಬಿಹಣ್ಣು."

ಮೂವರೂ ನಕ್ಕೆವು. ಆ ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಅಮಾವಾಸ್ಯೆ ಇನ್ನೂ ಬಂದಿರಲಿಲ್ಲ, ಅಷ್ಟರೊಳಗೆ ಗದಗಿನ ದಾರಿಯ ನಡುವೆ ಎಂಜಿನ್ನಿನೊಳಗಿಂದ ಯಾರೋ ಸುತ್ತಿಗೆಯಿಂದ ಬಡಿದಂತೆ ಸಪ್ಪಳವಾಗಿ ಕಾರು ನಿಂತಿತು. ಎರಡೂ ಕಡೆ ಕಡಲೆ ಹೊಲ, ನೆರಳಿಗೆ ಒಂದು ಗಿಡವಿಲ್ಲ. ಅಣ್ಣ ಕೀಲಿ ತಿರುವಿದ, ಮತ್ತೆ ತಿರುವಿದ. ವೈನಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಪಾಪ, ಅದಕ್ಕೂ ಸಾಕಾಗೈತಿ, ಬಿಡ್ರಿ" ಎಂದರು. ನಾನು ಕೈ ಮಾಡಿ ಒಂದು ಟಂಟಂ ರಿಕ್ಷಾ ನಿಲ್ಲಿಸಿದೆ. ದವಾಖಾನೆ ಮುಟ್ಟುವಷ್ಟರಲ್ಲಿ ಆಕೆಯ ಸರದಿ ದಾಟಿಹೋಗಿತ್ತು. ಸಂಜೆಯವರೆಗೆ ಕಾಯ್ದು, ಅರ್ಧ ಹೊತ್ತು ಮಾತ್ರ ಯಂತ್ರ ಸಿಕ್ಕಿತು.

ಕಾರನ್ನು ರೋಣಕ್ಕೆ ಎಳೆಸಿ ತಂದು ಎಂಜಿನ್ ಬಿಚ್ಚಿದಾಗ ಅಣ್ಣ, ನಾನು ಗ್ಯಾರೇಜಿನಲ್ಲೇ ಇದ್ದೆವು. ಒಳಗೆ ಆಯಿಲ್ ಎನ್ನುವಂಥದ್ದು ಉಳಿದೇ ಇರಲಿಲ್ಲ. ತಳದಲ್ಲಿ ಡಾಂಬರಿನಂಥ ರಾಡಿ.

"ಎಷ್ಟ ಓಡಿದ ಮ್ಯಾಲೆ ಬದಲ ಮಾಡ್ತಿದ್ರಿ, ಸಾವಕಾರ್ರ?" ಮಿಸ್ತ್ರಿ ಕೇಳಿದ.

"ಮೂರ ಅಮಾಸಿಗೊಮ್ಮಿ. ಒಮ್ಮೆನೂ ತಪ್ಪಿಸಿಲ್ಲ."

"ಅಮಾಸಿ ಹ್ಯಾಂಗ ಲೆಕ್ಕಕ್ಕ ಬರತೈತ್ರಿ? ಮೊದಲ ವರ್ಷಾನಗಟ್ಟಲೆ ಓಡಿದ್ದನ್ನ ಈಗ ಎರಡ ತಿಂಗಳಿಗೆ ಓಡಸ್ತೀರಿ. ಇಷ್ಟ ವಯಸ್ಸಿನ ಎಂಜಿನ್ನು ಆಯಿಲ್ ತಾನೂ ಕುಡೀತೈತಿ. ನಡುವ ನಡುವ ನೋಡಿ ಹಾಕಬೇಕಾಗಿತ್ತು."

ಅಷ್ಟು ಸಣ್ಣ ಲೆಕ್ಕ ದಿನವೂ ಕಾಳು ತೂಗುವ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಅಮಾವಾಸ್ಯೆಯ ಮೇಲೆ ಅಷ್ಟೊಂದು ಭರವಸೆ. ಮನೆಗೆ ನಡೆದು ಬರುವಾಗ ಅಣ್ಣ ಆಡಿದ್ದು ಒಂದೇ ಮಾತು: "ನಿಮ್ಮ ವೈನಿ ಹೇಳಿದ್ಲು."

ಎಂಜಿನ್ ಕೆಲಸ ದಿನದಿಂದ ದಿನಕ್ಕೆ ಎಳೆಯಿತು. ಹಳೆಯ ಗಾಡಿ, ಸಾಮಾನು ಹುಬ್ಬಳ್ಳಿಯಲ್ಲೂ ಲಗೂ ಸಿಗಲಿಲ್ಲ. ಬಾಡಿಗೆ ಕಾರು ಹಿಡಿದೆವು. ಅದರ ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ಇನ್ನೂ ತೆಗೆದಿರಲಿಲ್ಲ. ವೈನಿ ಅದನ್ನು ನೋಡಿಯೇ ಕುಗ್ಗಿದರು. "ಮಂದಿ ಗಾಡಿ, ಹೊಸಾದು. ಹ್ಯಾಂಗ ಹೊಲಸ ಮಾಡ್ಲಿ?" ಡ್ರೈವರ್ ಪಾಪ, "ಇರ್ಲಿ ಬರ್ರಿ ಅಕ್ಕಾರ, ತೊಳದರ ಹೋಗತೈತಿ" ಎಂದ. ಆಕೆ ಕೇಳಲಿಲ್ಲ. ವಾಂತಿಯಾಗಬಾರದೆಂದು ಹೋಗುವ ಹಿಂದಿನ ದಿನದಿಂದಲೇ ಊಟ ಬಿಡತೊಡಗಿದರು. ಅನ್ನವಿಲ್ಲದ ಮೈ ಯಂತ್ರವನ್ನು ತಡೆದುಕೊಳ್ಳಲಿಲ್ಲ. ಒಂದು ಸಲ ದವಾಖಾನೆಯ ಮೆಟ್ಟಿಲಲ್ಲೇ ಕುಸಿದರು. ಮರುವಾರ, "ಇದೊಂದ ಸಲ ಬ್ಯಾಡ" ಎಂದು ಗೋಡೆಯ ಕಡೆ ಹೊರಳಿ ಮಲಗಿದರು. ಹೃದಯವೂ ಸೋತಿದೆ ಎಂದು ಡಾಕ್ಟರು ಅಣ್ಣನನ್ನು ಬದಿಗೆ ಕರೆದು ಹೇಳಿದರು.

ಕೊನೆಗೆ ಒಂದು ಬೆಳಿಗ್ಗೆ ನಮ್ಮ ಕಾರು ಮನೆಗೆ ಬಂತು. ಅಣ್ಣ ಹಬ್ಬ ಬಂದಂತೆ ಒಳಗೆ ಓಡಿದ.

"ಏಳ ಏಳ, ಹೊರಡು. ನಮ್ಮ ಗಾಡಿ ಬಂತು. ಇನ್ನ ಯಾರ ಹಂಗೂ ಇಲ್ಲ."

ವೈನಿ ಎದ್ದರು. ಗಜೇಂದ್ರಗಡದ ತವರಿನಲ್ಲಿ ನೇಯ್ದ ಒಂದು ಸೀರೆ ಉಟ್ಟುಕೊಂಡು ಹೊರಗೆ ಬಂದು, ಕಾರಿನ ಬಾಗಿಲು ಹಿಡಿದು ನಿಂತರು.

"ಗದಗಿಗೆ ಬ್ಯಾಡ್ರಿ. ಗಜೇಂದ್ರಗಡಕ್ಕ ನಡೀರಿ."

"ಇವತ್ತ ನಿನ್ನ ಸರದಿ ಐತಿ."

"ಗೊತ್ತೈತ್ರಿ. ಇನ್ನ ಮ್ಯಾಲೆ ಅದನ್ನ ಯಾರಿಗರ ಬಿಟ್ಟಕೊಡ್ರಿ. ನನಗ ಸಾಕಾತು."

ಅಣ್ಣ ಬೈದ. ಕೈ ಮುಗಿದ. "ತಮ್ಮಾ, ನೀ ಆದರೂ ಹೇಳು" ಎಂದು ನನ್ನ ಕಡೆ ತಿರುಗಿದ. ನಾನೂ ಹೇಳಿದೆ. ವೈನಿ ಸಿಟ್ಟಾಗಲಿಲ್ಲ, ಅಳಲಿಲ್ಲ, ಬಾಗಿಲನ್ನೂ ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಅಣ್ಣ ಸ್ಟೇರಿಂಗಿಗೆ ಕುಳಿತ. ಕಾರು ರೋಣ ದಾಟಿ ಗಜೇಂದ್ರಗಡದ ಕಡೆ ತಿರುಗಿತು.

ಆಮೇಲೆ ವೈನಿ ಹೆಚ್ಚು ದಿನ ಉಳಿಯಲಿಲ್ಲ. ನನ್ನ ಕಣ್ಣಿನಲ್ಲಿ ನಿಂತಿರುವುದು ಆ ಮಧ್ಯಾಹ್ನ.

ನಮ್ಮನ್ನು ಕಂಡು ಆಕೆಯ ತಾಯಿ ಮಗ್ಗದಿಂದ ಎದ್ದು ಬಂದು, ಬಂದವರಿಗೆಲ್ಲ ಕೊಡುವಂತೆ ತಂಬಿಗೆ ತುಂಬ ನೀರು ತಂದು ಮಗಳ ಕೈಗಿಟ್ಟರು. ಕಿಡ್ನಿ ಹೋದ ಮೈಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರರ ಕಟ್ಟಪ್ಪಣೆ ಇದ್ದುದು, ಅದನ್ನು ಅಣ್ಣನೇ ಸಣ್ಣ ಲೋಟದಲ್ಲಿ ಅಳೆದು ಕೊಡುತ್ತಿದ್ದುದು ಆ ಮುದುಕಿಗೆ ನೆನಪಿರಲಿಲ್ಲ. ವೈನಿ ತಂಬಿಗೆ ಎತ್ತಿ ಗಟಗಟ ಕುಡಿದರು. ಗದ್ದದಿಂದ ನೀರು ಸೀರೆಯ ಮೇಲೆ ಸುರಿಯುತ್ತಿತ್ತು. ಕುಡಿದು ಮುಗಿಸಿ, ಉಸಿರು ಬಿಟ್ಟು, "ಎಷ್ಟ ತಂಪೈತಿ. ಇನ್ನೊಂದೀಟ ಬೇಕಿತ್ತಬೇ" ಎಂದರು.

ತಾಯಿ ಕೈ ಚಾಚುವ ಮೊದಲೇ ಅಣ್ಣ ಎದ್ದ. ಹೆಂಡತಿಯ ಕೈಯಿಂದ ತಂಬಿಗೆ ತೆಗೆದುಕೊಂಡು ಒಳಗೆ ಹೋಗಿ, ನೀರಿನ ಹರವಿಯಲ್ಲಿ ಅದ್ದಿ, ಕಂಠಮಟ ತುಂಬಿಕೊಂಡು ಬಂದು ಕೊಟ್ಟ.