ಎಮ್ಮೆಗುಡ್ಡದ ಹೊಟ್ಟೆಯ ಮಣ್ಣು

“ಈ ಗುಡ್ಡ ನೋಡು, ಮಲಗಿರೋ ಎಮ್ಮೆ. ಮುಖ ಸಮುದ್ರದ ಕಡೆ, ಬಾಲ ಕೌಲೂನ್ ಪೇಟೆ ಕಡೆ. ಬೆನ್ನಿಗೆ ಬೆಟ್ಟ, ಎದುರಿಗೆ ನೀರು ಇರೋ ಜಾಗದಲ್ಲಿ ಹಿರಿಯರನ್ನ ಮಲಗಿಸಿದ್ರೆ ಮೊಮ್ಮಕ್ಕಳ ಕಾಲಕ್ಕೂ ಅನ್ನಕ್ಕೆ ಕೊರತೆ ಇಲ್ಲ ಅಂತಾರೆ ಫೆಂಗ್ ಶುಯಿ ನೋಡೋರು. ಅದಕ್ಕೇ ಹಣೆ ಮೇಲೆ ಹಡಗಿನ ಸಾಹುಕಾರ್ರು, ಭುಜದ ಮೇಲೆ ಅಂಗಡಿಯೋರು. ನಮ್ಮಂಥೋರು ಬಾಲದ ಹತ್ರ, ಎಮ್ಮೆ ಸಗಣಿ ಹಾಕೋ ಕಡೆ. ಜಪಾನಿನೋರು ಬಂದಾಗ ಹಸಿವಿಂದ ಸತ್ತೋರನ್ನ ಗಾಡೀಲಿ ತಂದು ಅಲ್ಲೇ ಸುರುವಿದ್ರು. ಹೆಸರೂ ಇಲ್ಲ, ಕಲ್ಲೂ ಇಲ್ಲ. ನಂಗೆ ಓದು ಬರಲ್ಲ. ಆದ್ರೆ ಮೂಳೆ ಕೈಗೆ ಬಂದ್ರೆ ಗೊತ್ತಾಗುತ್ತೆ, ಇವನು ಹೊರೆ ಹೊತ್ತವನು, ಇವಳು ಹತ್ತು ಹೆತ್ತವಳು ಅಂತ.”

ಹೀಗೆ ಹೇಳುತ್ತಿದ್ದವಳು ಲಾಯ್ ಸಾಮ್-ಮುಯಿ. ಹೂತು ಏಳು ವರ್ಷವಾದ ಮೇಲೆ ಗುಂಡಿ ತೆಗೆದು, ಮೂಳೆ ತೊಳೆದು, ಪಾದದಿಂದ ಶುರು ಮಾಡಿ ತಲೆಬುರುಡೆಯವರೆಗೆ ಜಾಡಿಯಲ್ಲಿ ಜೋಡಿಸುವುದು ಅವಳ ಗಂಡ ಯೌ ಶೆಂಗನ ಕಸುಬು. ಸತ್ತವನು ಜಾಡಿಯೊಳಗೆ ಕುಕ್ಕರುಗಾಲಲ್ಲಿ ಕೂತ ಹಾಗಿರಬೇಕು. ಗಂಡನ ಜೊತೆ ತೊಳೆಯುತ್ತ ತೊಳೆಯುತ್ತ ಅವಳೂ ಕಲಿತಳು. ಕಲಿತದ್ದಕ್ಕೆ ಊರು ಅವಳನ್ನು ಮುಟ್ಟದಾಯಿತು. ಕೆಳಗಿನ ಮನೆಯ ಗ್ವಾನ್ ಅತ್ತಿಗೆ ಹಂದಿ ಸಾಕುವವಳು, ಬಾಯಿ ಜೋರು. “ನಿನ್ನ ಕೈ ಟೀ ನಂಗೆ ಬೇಡ ಕಣೇ. ಅಕ್ಕಿ ತೊಳೆದ ನೀರು ಇಟ್ಟಿರು, ನನ್ನ ಹಂದಿಗಳಿಗೆ ಮಡಿ ಇಲ್ಲ” ಅನ್ನುವಳು. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಅದಕ್ಕೆಂದೇ ಒಂದು ತಗಡಿನ ಬಕೆಟ್ಟು.

ಶೆಂಗ್ ಎದೆರೋಗದಿಂದ ಮಲಗಿದಾಗ ಹೇಳಿದ್ದು ಒಂದೇ ಮಾತು: “ಬಾಲದ ಹತ್ರಾನೇ ಹಾಕು. ಅಲ್ಲಿ ಮರಳು, ಬೇಗ ಕರಗ್ತೀನಿ.” ಆದರೆ ಜೀವಮಾನವೆಲ್ಲ ಪರರ ಹಿರಿಯರನ್ನು ಒಳ್ಳೆಯ ಜಾಗಕ್ಕೆ ಕೂರಿಸಿದವಳಿಗೆ ಗಂಡನನ್ನು ಸಗಣಿ ಕಡೆ ಮಲಗಿಸಲು ಮನಸ್ಸು ಬರಲಿಲ್ಲ. ಎಮ್ಮೆಯ ಹೊಟ್ಟೆಯಲ್ಲಿ ಒಂದು ಮನೆತನ ತಮ್ಮ ಹಿರಿಯನನ್ನು ಎತ್ತಿಸಿಕೊಂಡು ಹೋದ ಗುಂಡಿ ಖಾಲಿಯಿತ್ತು. ಬೆಚ್ಚಗಿನ ಜಾಗ, ಗಾಳಿ ಹೊಡೆಯದು, ದೂರಕ್ಕೆ ನೀರು ಕಾಣುತ್ತದೆ. ಅಲ್ಲೇ ಹೂಳಿಸಿದಳು. ಏಳು ವರ್ಷಕ್ಕೆ ಏಳಬೇಕಾದ ಆ ಹಿರಿಯ ಕರಗದೆ ಅಲ್ಲಿ ಮೂವತ್ತು ವರ್ಷ ಮಲಗಿದ್ದ ಅನ್ನುವುದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಶೆಂಗನನ್ನು ಹೂತು ಏಳು ವರ್ಷ ತುಂಬಿದ ತಿಂಗಳೇ ಸರ್ಕಾರದವರು ಗುಡ್ಡದಲ್ಲಿ ಕಾಗದ ಅಂಟಿಸಿದರು. ಗ್ವಾನ್ ಅತ್ತಿಗೆ ಓದಿ ಹೇಳಿದಳು: “ಎಮ್ಮೆ ಹೊಟ್ಟೆ ಸೀಳಿ ರಸ್ತೆ ಮಾಡ್ತಾರಂತೆ. ಹುಣ್ಣಿಮೆಯೊಳಗೆ ಎತ್ತದೇ ಇರೋರನ್ನ ಲಾರೀಲಿ ಒಯ್ದು ಒಟ್ಟಿಗೇ ಸುಡ್ತಾರಂತೆ.”

ಒಟ್ಟಿಗೇ. ಗಾಡಿಯಿಂದ ಸುರುವಿದ ಹೆಣಗಳು ಸಾಮ್-ಮುಯಿಯ ಕಣ್ಣ ಮುಂದೆ ಬಂದವು.

“ಯಾರನ್ನಾದ್ರೂ ಕರೆಸೇ. ಸ್ವಂತ ಗಂಡನ್ನ ಕೈಯಾರೆ ಎತ್ತೋದುಂಟಾ?”

“ಯಾರನ್ನ ಕರೆಸ್ಲಿ ಅತ್ತಿಗೆ? ಈ ಕೆಲಸಕ್ಕೆ ಉಳಿದಿರೋಳು ನಾನೊಬ್ಬಳೇ.”

“ಮತ್ತೆ ಕೊಡೆ?”

ಗುಂಡಿ ತೆರೆದಾಗ ಸತ್ತವನ ಮೇಲೆ ಬಿಸಿಲು ಬೀಳಬಾರದು, ಮಗ ನಿಂತು ಕೊಡೆ ಹಿಡಿಯಬೇಕು. ಅವರಿಗೆ ಮಕ್ಕಳಿರಲಿಲ್ಲ. ಸಾಮ್-ಮುಯಿ ಅತ್ತಿಗೆಯ ಮುಖ ನೋಡಿದಳು.

“ಹಾಗೆ ನೋಡಬೇಡ ನನ್ನ” ಅಂದಳು ಗ್ವಾನ್ ಅತ್ತಿಗೆ. “ಹಿಡೀತೀನಿ. ಒಳಗೆ ಮಾತ್ರ ನೋಡಲ್ಲ.”

ಹಲವು ಮನೆಗಳವರು ತಮ್ಮವರನ್ನು ಎತ್ತಿಕೊಡಲು ಅವಳನ್ನೇ ಕೇಳಿದರು. ಅವರದೆಲ್ಲ ಮುಗಿಸುವಷ್ಟರಲ್ಲಿ ಗಂಡನಿಗೆ ಒಂದು ಹಗಲು ಮಾತ್ರ ಉಳಿಯಿತು.

ಅಗೆದಂತೆಲ್ಲ ಜೇಡಿ ಬಂತು, ಹಂದಿಕೊಬ್ಬಿನ ಹಾಗೆ ಗುದ್ದಲಿಗೆ ಅಂಟುವ ಹಸಿ ಜೇಡಿ. ಪೆಟ್ಟಿಗೆಯ ಮುಚ್ಚಳ ಸರಿಸುವ ಮೊದಲೇ ವಾಸನೆಯಿಂದ ಅವಳಿಗೆ ಗೊತ್ತಾಯಿತು. ಶೆಂಗ್ ಮಲಗಿಸಿದಂತೆಯೇ ಇದ್ದ. ನೀಲಿ ಅಂಗಿ, ಮೀಸೆ, ಸೋಪಿನಂತೆ ಬೆಳ್ಳಗಾದ ಕೆನ್ನೆ. ಇಂಥವರನ್ನು ಮತ್ತೆ ಮುಚ್ಚಿ ಎರಡು ವರ್ಷ ಕಾಯಬೇಕು ಅನ್ನುವುದು ಅವನೇ ಕಲಿಸಿದ ಪಾಠ. ಕೆಳಗೆ ಯಂತ್ರಗಳು ಆಗಲೇ ಬಂದು ನಿಂತಿದ್ದವು.

ಅವಳು ಬಿದಿರಿನ ಚಾಕು ತೆಗೆದಳು.

ಬೇರೆಯವರಿಗಾದರೆ ಹೇಳಿ ಹೇಳಿ ಕೆಲಸ ಮಾಡುವಳು: ಅಜ್ಜ, ಕಾಲು ತೆಗೀತೀನಿ, ಅಜ್ಜ, ಬೆನ್ನು. ಆ ದಿನ ಬಾಯಿ ಬರಲಿಲ್ಲ.

“ಮಾತಾಡೇ ಅವನ ಜೊತೆ” ಅಂದಳು ಗ್ವಾನ್ ಅತ್ತಿಗೆ, ಮುಖ ಸಮುದ್ರದ ಕಡೆ ತಿರುಗಿಸಿಕೊಂಡು. ಕೊಡೆಯನ್ನು ಗುಂಡಿಯ ಮೇಲೆ ಇನ್ನಷ್ಟು ಬಗ್ಗಿಸಿದಳು. “ಸುಮ್ಮನೆ ಕುಯ್ದರೆ ಹೆದರಿಕೊಳ್ಳಲ್ವಾ ಅವನು?”

“ಬಾಲದ ಹತ್ರ ಅಂದಿದ್ದೆ ನೀನು” ಅಂದಳು ಸಾಮ್-ಮುಯಿ. “ನಾನು ಕೇಳಲಿಲ್ಲ. ಈಗ ಕಾಲು ತೆಗೀತೀನಿ.”

ಪಾದದಿಂದ ಶುರು ಮಾಡಿದಳು. ಹೊತ್ತು ಇಳಿಯುವಷ್ಟರಲ್ಲಿ ಅವನು ಜಾಡಿಯಲ್ಲಿ ಕೂತಿದ್ದ, ಒಂದು ಬೆರಳೆಲುಬೂ ಬಿಟ್ಟುಹೋಗದಂತೆ. ಜಾಡಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಾಲದ ಕಡೆ ನಡೆದಳು, ಮರಳಿನಲ್ಲಿ ಅರ್ಧ ಹೂತು ನಿಲ್ಲಿಸಿದಳು. ಅಲ್ಲಿಗೆ ಸಮುದ್ರ ಕಾಣುವುದಿಲ್ಲ.

ಮನೆಗೆ ಬಂದು, ಸಾವಿನ ಮೈಲಿಗೆ ಕಳೆಯುವ ಚಕೋತದ ಎಲೆ ಹಾಕಿದ ನೀರಿನಲ್ಲಿ ಮೊಳಕೈವರೆಗೆ ತೊಳೆದುಕೊಂಡಳು, ಮತ್ತೆ ತೊಳೆದುಕೊಂಡಳು. ಗ್ವಾನ್ ಅತ್ತಿಗೆಯ ಅಂಗಳದಲ್ಲಿ ಕೊಡೆ ಉರಿಯುತ್ತಿತ್ತು. ಗುಂಡಿಯ ಮೇಲೆ ಹಿಡಿದದ್ದು, ಸುಡಬೇಕಾದ್ದೇ, ಅಂದುಕೊಂಡಳು ಸಾಮ್-ಮುಯಿ. ಗೋಡೆಯ ಮೇಲೆ ಬಕೆಟ್ಟು ಎಂದಿನ ಜಾಗದಲ್ಲೇ ಇತ್ತು. ಸಾಮ್-ಮುಯಿ ಒಂದು ಪಾವು ಅಕ್ಕಿ ಅಳೆದು, ಕಲ್ಲು ಆರಿಸಿ, ತೊಳೆದು, ಮೊದಲ ನೀರನ್ನು ಅದಕ್ಕೆ ಬಗ್ಗಿಸಿದಳು.