ಚಪ್ಪಾಳೆ ತಟ್ಟಿದವರಿಗೆ ಗುಂಪು

ನಮ್ಮ ದೊಡ್ಡ ಗೈಡರ ಬಲಗೈ ತೋರುಬೆರಳು ತುದಿಯಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಒಂದು ಚಿತ್ರ ತೋರಿಸಿದರೆ ಜನ ಪಕ್ಕದ ಚಿತ್ರ ನೋಡುತ್ತಿದ್ದರು. "ಅದಲ್ಲ ಕಣ್ರೀ, ಇದು! ಕಣ್ಣು ಮನೇಲಿ ಬಿಟ್ಟು ಬಂದಿದ್ದೀರಾ?" ಎಂದು ರೇಗುತ್ತಿದ್ದರು. ತಪ್ಪು ಬೆರಳಿನದು, ಬೈಗುಳ ಮಾತ್ರ ಪ್ರವಾಸಿಗಳಿಗೆ.

ಮೈಸೂರಿನ ಹಳೆಯ ಮಹಲೊಂದರಲ್ಲಿರುವ ಚಿತ್ರಶಾಲೆಯಲ್ಲಿ ನಾವು ಆರು ಜನ ಗೈಡುಗಳಿದ್ದೆವು. ಎಲ್ಲರಿಗಿಂತ ಹಿರಿಯರಾದ ಅವರನ್ನು ದೊಡ್ಡ ಗೈಡು ಎನ್ನುತ್ತಿದ್ದೆವು. ಮನೆ ಹಳೆಯ ಬಡಾವಣೆಯಾದ ಒಂಟಿಕೊಪ್ಪಲಿನಲ್ಲಿ. ಅಜ್ಜ ಅರಮನೆಯ ಉಗ್ರಾಣದಲ್ಲಿದ್ದವರಂತೆ. ಆ ಉಗ್ರಾಣದ ಬೀಗದ ಕೈ ಇನ್ನೂ ತಮ್ಮ ಸೊಂಟದಲ್ಲೇ ಇದೆ ಎನ್ನುವ ಹಾಗೆ ಇವರ ನಡಿಗೆ. ನಾನು ಊರಾಚೆಯ ಹೂಟಗಳ್ಳಿಯವಳು. ನಮ್ಮ ರಾಗಿ ಹೊಲದ ಮೇಲೆ ಫ್ಯಾಕ್ಟರಿ ಎದ್ದಿತು, ಅಪ್ಪ ಅದೇ ಫ್ಯಾಕ್ಟರಿಯ ಗೇಟು ಕಾಯುತ್ತಿದ್ದ.

ದೊಡ್ಡ ಗೈಡರದೇ ಒಂದು ಕಾನೂನಿತ್ತು. ಒಬ್ಬ ಗೈಡು ಪ್ರವಾಸಿಗಳ ಮುಂದೆ ತಪ್ಪು ಹೇಳಿದರೆ, ಅದನ್ನು ಹಿಡಿದ ಇನ್ನೊಬ್ಬ ಗೈಡು ಒಂದು ಸಲ ಚಪ್ಪಾಳೆ ತಟ್ಟಬೇಕು. ಆ ಕ್ಷಣದಿಂದ ಗುಂಪು ಚಪ್ಪಾಳೆ ತಟ್ಟಿದವರದು. ಸೋತವರು ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ಹಿಂದೆ ನಡೆಯಬೇಕು.

ನನ್ನ ಮೊದಲ ಗುಂಪಿಗೇ ದೊಡ್ಡ ಗೈಡರ ಚಪ್ಪಾಳೆ ಬಿತ್ತು. ಮಗು ಎತ್ತಿಕೊಂಡ ಹೆಂಗಸಿನ ಚಿತ್ರದ ಮುಂದೆ ನಿಂತು ರಾಣಿ ಎಂದುಬಿಟ್ಟಿದ್ದೆ. "ರಾಣಿ ಅಲ್ಲಮ್ಮ, ದಾದಿ. ಬರಿಗಾಲು ಕಾಣಿಸಲಿಲ್ವೆ?" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಗುಂಪಿನ ಕಡೆ ತಿರುಗಿ, "ಇವಳಪ್ಪ ಹೂಟಗಳ್ಳೀಲಿ ಗೇಟು ಕಾಯ್ತಾನೆ. ಮಗಳಿಗೂ ಗೇಟೇ ಸರಿ" ಎಂದರು. ಜನ ನಕ್ಕರು. ಅವರ ನೀರಿನ ಬಾಟಲಿಗಳ ಚೀಲ ಹೊತ್ತುಕೊಂಡು ಹಿಂದೆ ನಡೆದೆ. ಆ ನಗು ನನ್ನ ಹೊಟ್ಟೆಯಲ್ಲಿ ಹನ್ನೊಂದು ವರ್ಷ ಉರಿಯಿತು.

ಕಲಿಸಿದವರೂ ಅವರೇ, ಸುಳ್ಳು ಹೇಳಬಾರದು. ಬಾಗಿಲು ತೆರೆಯುವ ಮೊದಲೇ ಬರಹೇಳಿ ಒಂದೇ ಚಿತ್ರದ ಮುಂದೆ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರು. "ಕಣ್ಣು ತುಂಬೋವರೆಗೂ ಬಾಯಿ ತೆರೀಬೇಡ" ಎನ್ನುತ್ತಿದ್ದರು. ಇವತ್ತು ನನ್ನ ಬಾಯಲ್ಲಿ ಬರುವ ಒಂದೊಂದು ಮಾತೂ ಅವರು ಹಾಕಿದ ಭಿಕ್ಷೆ. ಆದರೂ ಒಂದು ದಿನವೂ ಭೇಷ್ ಎನ್ನಲಿಲ್ಲ.

ಆಮೇಲಾಮೇಲೆ ಅವರಿಗೆ ಮರೆವು ಶುರುವಾಯಿತು. ಕೋಣೆ ತಪ್ಪುತ್ತಿದ್ದರು, ಒಬ್ಬ ರಾಜನ ಕಥೆಯನ್ನು ಅವನ ಮಗನ ಚಿತ್ರಕ್ಕೆ ಅಂಟಿಸುತ್ತಿದ್ದರು. ಉಳಿದ ನಾಲ್ವರೂ ಕೇಳಿಸದವರಂತೆ ಇದ್ದುಬಿಡುತ್ತಿದ್ದರು. "ಚಿತ್ರಶಾಲೆ ಬಿಟ್ರೆ ಅವರು ಉಳಿಯಲ್ಲ ಕಣಮ್ಮ, ಸುಮ್ನಿದ್ದುಬುಡು" ಎಂದು ನನಗೂ ಹೇಳಿದ್ದರು. ಸುಮ್ಮನಿದ್ದೆ. ಕಾಯುತ್ತಿದ್ದೆ ಎನ್ನುವುದೇ ನಿಜ.

ಒಂದು ಶನಿವಾರ, ದೊಡ್ಡ ಗುಂಪು. ಮಹಡಿಯ ಹಜಾರದಲ್ಲಿ ಅವರು ದಸರಾ ಆನೆಯ ಚಿತ್ರವನ್ನು ವರ್ಣಿಸುತ್ತಿದ್ದರು. ಮಾವುತನ ಪೇಟ, ಆನೆಯ ಕಿವಿಯ ಮೇಲಿನ ಬಣ್ಣದ ಬಳ್ಳಿ, ಒಂದನ್ನೂ ಬಿಡದೆ. ಆ ಚಿತ್ರ ದುರಸ್ತಿಗೆಂದು ಹೋಗಿ ಆರು ವರ್ಷವಾಗಿತ್ತು. ಆ ಜಾಗದಲ್ಲಿ ಈಗ ಹಲಸಿನ ಹಣ್ಣಿನ ಚಿತ್ರವಿತ್ತು. ಸೊಟ್ಟ ಬೆರಳಿನ ದಯೆ, ಅವರು ಬೇರೆ ಯಾವುದನ್ನೋ ತೋರಿಸುತ್ತಿದ್ದಾರೆಂದು ಜನ ಗೋಡೆಯುದ್ದಕ್ಕೂ ಆನೆ ಹುಡುಕುತ್ತಿದ್ದರು. ಇನ್ನೆರಡು ನಿಮಿಷ ನಾನು ಸುಮ್ಮನಿದ್ದಿದ್ದರೆ ಮುಂದಿನ ಕೋಣೆಗೆ ಹೋಗಿಬಿಡುತ್ತಿದ್ದರು.

ಚಪ್ಪಾಳೆ ತಟ್ಟಿದೆ.

"ಅಲ್ಲಿ ಆನೆ ಇಲ್ಲ ಸಾರ್, ಹಲಸಿನ ಹಣ್ಣಿದೆ" ಎಂದೆ. ಜನ ಗೊಳ್ಳೆಂದರು. ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು, ಕಾನೂನಿನಂತೆ ಹಿಂದೆ ಸರಿದು ನಿಂತರು. ನನಗೆ ಅಷ್ಟೂ ಸಾಲಲಿಲ್ಲ. ಒಬ್ಬ ಹೆಂಗಸಿನ ಭಾರದ ಬ್ಯಾಗು ತೆಗೆದು ಅವರ ಕೈಗೆ ಕೊಟ್ಟು, "ಇವರು ಇನ್ಮೇಲೆ ಗೇಟಲ್ಲಿ ಕೂತ್ಕೋತಾರೆ" ಎಂದೆ. ಆ ಬ್ಯಾಗನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಕೊನೆಯವರೆಗೂ ಹಿಂದೆ ಬಂದರು. ಆ ದಿನ ನನ್ನಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಕ್ಕಿಲ್ಲ.

ಗುಂಪು ಹೋದ ಮೇಲೆ ಹತ್ತಿರ ಬಂದು, ಹೊಸಬರನ್ನು ಕೇಳುವಂತೆ ಕೇಳಿದರು: "ಆ ಆನೆ ಎಲ್ಲಿಗೆ ಹೋಯ್ತು ತಾಯಿ? ಬೆಳಿಗ್ಗೆ ಇತ್ತಲ್ಲ." ನಾನು ಮುಂದಿನ ಗುಂಪನ್ನು ಕರೆಯಲು ಕೆಳಗಿಳಿದೆ.

ಸೋಮವಾರ ಅವರಿಗೆ ಇನ್ನು ಕೆಲಸಕ್ಕೆ ಬರಬೇಡಿ ಎಂದರು. ಮಾತು ಮೇಲಿನವರ ಕಿವಿಗೆ ಮುಟ್ಟಿತ್ತು. ನಾಲ್ಕು ತಿಂಗಳಲ್ಲಿ ತೀರಿಕೊಂಡರು.

ಹದಿಮೂರು ದಿನ ಕಳೆದ ಮೇಲೆ ಒಂಟಿಕೊಪ್ಪಲಿಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. "ಹೂಟಗಳ್ಳಿ ಹುಡುಗಿ ನೀನೇ ತಾನೇ? ದಿನಾ ಬೆಳಿಗ್ಗೆ ಶರ್ಟು ಹಾಕ್ಕೊಂಡು ಹೊರಡೋರು. ಇವತ್ತು ರಜ ಅಂತ ಸುಳ್ಳು ಹೇಳಿ ಕೂರಿಸ್ತಿದ್ದೆ" ಎಂದು ಅತ್ತರು. ಕಾಫಿ ತಂದುಕೊಟ್ಟು, ಎದುರಿಗೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ಯಾರೋ ಎಲ್ಲರ ಎದುರಿಗೆ ಚಪ್ಪಾಳೆ ತಟ್ಟಿ ಅವಮಾನ ಮಾಡಿದ್ರಂತೆ. ಯಾರು ಅನ್ನೋದೇ ಅವರಿಗೆ ನೆನಪಾಗ್ತಿರಲಿಲ್ಲ. ಆ ಹೂಟಗಳ್ಳಿ ಹುಡುಗಿ ಅಲ್ಲಿದ್ದಿದ್ರೆ ಹೀಗಾಗೋಕೆ ಬಿಡ್ತಿರಲಿಲ್ಲ, ನಾನೇ ತಯಾರು ಮಾಡಿದ ಹುಡುಗಿ ಅದು ಅಂತಿದ್ರು. ಚಪ್ಪಾಳೆ ತಟ್ಟಿದ್ದು ಯಾರಮ್ಮ, ನಿನಗೇನಾದ್ರೂ ಗೊತ್ತಾ?"

"ನಾನು ಅವತ್ತು ರಜದಲ್ಲಿದ್ದೆ ಅಮ್ಮ" ಎಂದೆ. ಕಾಫಿಗೆ ಸಕ್ಕರೆ ಸಾಕಾ ಎಂದು ಅವರು ಕೇಳಿದರು, ಸಾಕು ಎಂದು ಪೂರ್ತಿ ಕುಡಿದು ಬಂದೆ.