ಒಂದು ಹಿಡಿ ಅಕ್ಕಿ, ಒಂದು ಕ್ಯಾನ್ ಪೆಟ್ರೋಲ್

ದೋಹಾದ ಹತ್ತಿರದ ಹಮದ್ ಬಂದರಿಗೆ ಬರುವ ಹಡಗುಗಳ ಹಗ್ಗ ಹಿಡಿದು ದಕ್ಕೆಗೆ ಕಟ್ಟುವುದು ಯಜ್ಞೇಶ್ ಪುತ್ರನ್ ಮಾಡುತ್ತಿದ್ದ ಕೆಲಸ. ಜೂನ್ ತಿಂಗಳಲ್ಲಿ ಅಲ್ಲಿನ ಕಬ್ಬಿಣದ ಗೂಟಗಳು ಬೆಳಿಗ್ಗೆಯೇ ಕಾದು, ಗವಸು ಹಾಕಿದ ಅಂಗೈಯೂ ಚುರುಗುಟ್ಟುತ್ತದೆ. ಆ ಬಿಸಿಲಲ್ಲಿ ನಿಂತು ಅವನು ಮಂಜುಗಡ್ಡೆಯ ಕಥೆ ಹೇಳುತ್ತಿದ್ದ. ಅವನನ್ನು ಬಲ್ಲವರೆಲ್ಲ ಆ ಕಥೆ ಕೇಳಿದವರೇ. ಈಗ ಹೇಳುವವನಿಲ್ಲ.

"ಸಾಕು ಮಾರಾಯ," ಎನ್ನುತ್ತಿದ್ದ ಜೊತೆಗೆ ಹಗ್ಗ ಹಿಡಿಯುವ ಉಳ್ಳಾಲದ ಶಿಹಾಬ್. "ನಿನ್ನ ಪೆಂಗ್ವಿನ್ ಸುದ್ದಿ ಕೇಳಿ ಕೇಳಿ ನನಗೆ ಶೀತ ಆಗ್ಲಿಕ್ಕೆ ಶುರುವಾಯ್ತು."

"ಆಗಲಿ ಬಿಡು. ರೂಮಿನ ಎ.ಸಿ. ಬಂದ್ ಮಾಡ್ಬಹುದು."

ಯಜ್ಞೇಶ್ ಹೆಜಮಾಡಿಯ ಮೀನುಗಾರ ಮೊಗವೀರರ ಮನೆಯವನು. ಹೆಂಡತಿ ವಾರಿಜಾಕ್ಷಿಗೆ ದೋಹಾದ ಒಂದು ಆಫೀಸಿನಲ್ಲಿ ಕೆಲಸ. ಮನೆ ಅಲ್ಲೇ ಹತ್ತಿರದ ಅಲ್ ವಕ್ರಾದಲ್ಲಿ. ಬಂದರಿನ ಕೆಲಸಕ್ಕೆ ಬರುವ ಮೊದಲು ಅವನು ವರ್ಷದ ಅರ್ಧ ಭಾಗ ಹಡಗಿನಲ್ಲೇ ಇರುತ್ತಿದ್ದ. ಎಣ್ಣೆ ಹಡಗು, ಸಾಮಾನಿನ ಹಡಗು ಎಲ್ಲ ಆದಮೇಲೆ ಕೊನೆಗೆ ದಕ್ಷಿಣ ಧ್ರುವದ ಕಡೆಗೆ ಪ್ರವಾಸಿಗರನ್ನು ಒಯ್ಯುವ ಒಂದು ಪುಟ್ಟ ಹಡಗಿಗೆ ಸೇರಿದ. ಅಷ್ಟು ಖುಷಿಯಲ್ಲಿ ಅವನನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಅವನಿಗೆ ಹಿಡಿಸಿದ್ದು ಮಂಜಿಗಿಂತ ಹೆಚ್ಚಾಗಿ ಅಲ್ಲಿನ ನಿಯಮಗಳು. ದೊಡ್ಡ ಹಡಗುಗಳ ಹಾಗೆ ಸಾವಿರಾರು ಜನರನ್ನು ತುಂಬಿಕೊಂಡು ಹೋಗುವುದಲ್ಲ. ದಡಕ್ಕೆ ಒಂದು ಸಲಕ್ಕೆ ನೂರು ಜನರಿಗಿಂತ ಹೆಚ್ಚು ಇಳಿಯುವಂತಿಲ್ಲ. ಇಳಿಯುವ ಮೊದಲು ಪ್ರತಿಯೊಬ್ಬರ ಬೂಟನ್ನೂ ಬ್ರಷ್ ಹಾಕಿ ಉಜ್ಜಬೇಕು. ಜೇಬಿನ ಮೂಲೆಯಲ್ಲಿ ಸಿಕ್ಕಿಕೊಂಡ ಹುಲ್ಲಿನ ಬೀಜವನ್ನೂ ಹೆಕ್ಕಿ ತೆಗೆಯಬೇಕು. ಪೆಂಗ್ವಿನ್ ದಾರಿಗೆ ಬಂದರೆ ಮನುಷ್ಯ ನಿಲ್ಲಬೇಕು, ಅದು ಮೊದಲು ದಾಟಬೇಕು. "ನಮ್ಮ ಕಡಲಿಗೂ ಇಂಥ ಒಂದು ಕಾನೂನು ಇದ್ದಿದ್ರೆ ಬೂತಾಯಿ ಮೀನು ಎಲ್ಲಿಗೆ ಹೋಗ್ತಿತ್ತು ಹೇಳು?" ಎಂದು ಶಿಹಾಬನ ಹತ್ತಿರ ವಾದ ಮಾಡುತ್ತಿದ್ದ.

ಅಂಥವನೇ ಆ ನಿಯಮ ಮುರಿದ. ಮೊದಲ ಸಲ ಹೊಸ ನೀರಿಗೆ ಹೋಗುವಾಗ ನೀರಿಗೆ ಏನಾದರೂ ಕೊಟ್ಟೇ ಮುಂದೆ ಹೋಗಬೇಕು ಎಂಬುದು ಅವನ ಮನೆಯ ಕ್ರಮ. ಅವನ ತಾಯಿ ಕಡಲು ಕಾಯುವ ದೈವ ಬೊಬ್ಬರ್ಯನ ಗುಂಡದಿಂದ ತಂದ ಗಂಧ, ಪಿಂಗಾರದ ಹೂವಿನ ನಾಲ್ಕು ಎಸಳು, ಒಂದು ಹಿಡಿ ಬೆಳ್ತಿಗೆ ಅಕ್ಕಿ ಇಷ್ಟನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದರು. ತಪಾಸಣೆಯ ದಿನ ಅವನು ಬೂಟು, ಕೋಟು, ಚೀಲ, ಸಾಬೂನಿನ ಪೆಟ್ಟಿಗೆ ಎಲ್ಲವನ್ನೂ ತೋರಿಸಿದ. ಪೊಟ್ಟಣ ತೋರಿಸಲಿಲ್ಲ. ಬಚ್ಚಿಡಬೇಕು ಎಂದಲ್ಲ. ಅದು ದೈವದ್ದು, ಸಾಮಾನಿನ ಲೆಕ್ಕಕ್ಕೆ ಬರುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಮೊದಲ ಮಂಜಿನ ಕೊಲ್ಲಿಗೆ ಹಡಗು ಬಂದ ಬೆಳಿಗ್ಗೆ ಹಿಂಬದಿಯ ಕಂಬಿಯ ಹತ್ತಿರ ನಿಂತು ಕಣ್ಣು ಮುಚ್ಚಿ ಅದನ್ನು ನೀರಿಗೆ ಬಿಟ್ಟ. ಮೇಲಿನ ಅಂತಸ್ತಿನಿಂದ ಒಬ್ಬ ಪ್ರವಾಸಿ ಫೋಟೊ ತೆಗೆದ.

ಅಂದು ಸಂಜೆ ಪ್ರವಾಸಿಗರೆಲ್ಲ ಕೂತಿದ್ದಾಗ ಯಾತ್ರೆಯ ನಾಯಕಿ ಅವನನ್ನು ಕರೆಸಿ ನಿಲ್ಲಿಸಿದಳು. ಈ ನೀರಿಗೆ ಹೊರಗಿನ ಒಂದು ಕಾಳನ್ನೂ ತರುವುದಿಲ್ಲ ಎಂಬ ನಮ್ಮ ವಾಗ್ದಾನವನ್ನು ಈತ ಮುರಿದಿದ್ದಾನೆ ಎಂದು ಹೇಳಿ, ಅವನ ಪರವಾಗಿ ಅವರ ಕ್ಷಮೆ ಕೇಳಿದಳು. ಜನ ಚಪ್ಪಾಳೆ ತಟ್ಟಿದರು. ಯಜ್ಞೇಶನೂ ಕ್ಷಮೆ ಕೇಳಿದ. ತಪ್ಪು ಅವನದೇ ಆಗಿತ್ತು. ಅದನ್ನು ಅವನು ಕೊನೆಯವರೆಗೂ ಅಲ್ಲಗಳೆಯಲಿಲ್ಲ.

ಕೆಲವು ದಿನಗಳ ಮೇಲೆ ಅದೇ ಹಡಗಿನಿಂದ ರಬ್ಬರ್ ದೋಣಿಗಳನ್ನು ಇಳಿಸುತ್ತಿದ್ದರು. ಮಂಜಿನ ಮೇಲೆ ಒಂದು ಚಿರತೆ ಸೀಲ್ ಮಲಗಿದೆ ಎಂಬ ಸುದ್ದಿ ಬಂದಿತ್ತು. ಅದು ಎದ್ದು ಹೋಗುವ ಮೊದಲು ಪ್ರವಾಸಿಗರಿಗೆ ತೋರಿಸಬೇಕೆಂಬ ಗಡಿಬಿಡಿಯಲ್ಲಿ ಮಾರ್ಗದರ್ಶಕನೊಬ್ಬ ಪೆಟ್ರೋಲ್ ಕ್ಯಾನನ್ನು ಮುಚ್ಚಳ ಬಿಗಿಯದೆ ದೋಣಿಯ ಅಂಚಿಗೆ ಇಟ್ಟ. ದೋಣಿ ವಾಲಿತು. ಕ್ಯಾನ್ ಮಗುಚಿ ನೀರಿಗೆ ಬಿತ್ತು. ಕಾಮನಬಿಲ್ಲಿನ ಬಣ್ಣದ ಪದರವೊಂದು ಪೆಂಗ್ವಿನ್‌ಗಳು ನೀರಿಗೆ ಹಾರುತ್ತಿದ್ದ ಬಂಡೆಯ ಕಡೆಗೆ ಹರಡಿಕೊಂಡು ಹೋದದ್ದನ್ನು ಯಜ್ಞೇಶ್ ಡೆಕ್ಕಿನಿಂದ ನೋಡಿದ. ಓಡಿಹೋಗಿ ನಾಯಕಿಗೆ ತಿಳಿಸಿದ.

"ತಾನಾಗಿ ಆರಿಹೋಗುತ್ತದೆ. ಅತಿಥಿಗಳ ಮುಂದೆ ಇದನ್ನು ಎತ್ತಬೇಡ," ಎಂದಳು ಅವಳು.

ಅಂದು ಸಂಜೆ ಯಾರನ್ನೂ ಕರೆಸಿ ನಿಲ್ಲಿಸಲಿಲ್ಲ. ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಸೀಲಿನ ಫೋಟೊ ತೋರಿಸಿದರು. ಯಾತ್ರೆ ಮುಗಿದು ಬಂದರು ಮುಟ್ಟಿದಾಗ ಯಜ್ಞೇಶನನ್ನು ಇಳಿಸಿದರು. ಆಮೇಲೆ ಬೇರೆ ಯಾವ ಧ್ರುವದ ಹಡಗಿಗೆ ಅರ್ಜಿ ಹಾಕಿದರೂ ಅವರು ಹಳೆಯ ಕಂಪನಿಯನ್ನು ವಿಚಾರಿಸುತ್ತಿದ್ದರು, ಕಂಪನಿ "ಬೇಕೆಂದೇ ನಿಯಮ ಮುರಿದವನು" ಎನ್ನುತ್ತಿತ್ತು. ಅಕ್ಕಿಗೆ ಕ್ಷಮೆ ಸಿಗುತ್ತಿತ್ತೋ ಏನೋ. ಪೆಟ್ರೋಲ್ ಕಂಡ ಕಣ್ಣಿಗೆ ಸಿಗಲಿಲ್ಲ.

ಹೀಗೆ ಅವನು ಹಮದ್ ಬಂದರಿಗೆ ಬಂದ. ಮತ್ತೊಮ್ಮೆ ಆ ದಕ್ಷಿಣದ ನೀರಿಗೆ ಹೋಗಬೇಕು ಎಂಬ ಒಂದೇ ಆಸೆ ಅವನಿಗೆ ಉಳಿದಿತ್ತು.

ಕಳೆದ ಜೂನ್‌ನಲ್ಲಿ ಅದೇ ಕಂಪನಿ ದೋಹಾದ ದೊಡ್ಡ ಹೋಟೆಲೊಂದರಲ್ಲಿ ಟಿಕೆಟ್ ಮಾರುವ ಸಮಾರಂಭ ಇಟ್ಟುಕೊಂಡಿತು. ಇಲ್ಲಿನ ಅವರ ಏಜೆಂಟ್ ಬ್ರ್ಯಾಂಡನ್, ಮಂಗಳೂರಿನ ಹುಡುಗ. ಅವನೇ ಫೋನ್ ಮಾಡಿದ.

"ಯಜ್ಞೇಶಣ್ಣ, ಐದೇ ನಿಮಿಷ. ಸ್ಟೇಜಿಗೆ ಬಂದು ಅಕ್ಕಿ ವಿಷಯ ಹೇಳಿ. ನಮ್ಮ ರೂಲ್ಸ್ ಎಷ್ಟು ಸ್ಟ್ರಿಕ್ಟ್ ಅಂತ ಜನರಿಗೆ ಗೊತ್ತಾಗ್ತದೆ. ಆ ಲೀಡರ್ ಮೇಡಂ ಕೂಡ ಬರ್ತಾರೆ, ಒಪ್ಪಿದ್ದಾರೆ. ನವೆಂಬರ್‌ಗೆ ನಿಮ್ಮನ್ನು ಹಡಗು ಹತ್ತಿಸುವ ಜವಾಬ್ದಾರಿ ನನ್ನದು."

"ಪೆಟ್ರೋಲ್ ವಿಷಯ?"

"ಎಂತ ಪೆಟ್ರೋಲ್ ಅಣ್ಣ? ಅದು ಖಲಾಸ್."

ವಾರಿಜಾಕ್ಷಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. "ನಿಮಗೆ ಹೋಗ್ಲಿಕ್ಕೆ ಮನಸ್ಸುಂಟು, ನನಗೆ ಗೊತ್ತು. ಆದ್ರೆ ಬಂದಮೇಲೆ ನಿದ್ದೆ ಬರ್ಬೇಕಲ್ಲ, ಅದನ್ನೂ ನೋಡ್ಕೊಳ್ಳಿ," ಎಂದಳು.

ಸಭಾಂಗಣದ ಬಾಗಿಲು ತೆರೆದರೆ ಹಲ್ಲು ಕಟಕಟಿಸುವ ಚಳಿ. ಹೊರಗೆ ಊರು ಬೇಯುತ್ತಿತ್ತು. ಒಳಗೆ ಮೇಜಿನ ಮೇಲೆ ಮಂಜುಗಡ್ಡೆಯಲ್ಲಿ ಕೆತ್ತಿದ ಆಳೆತ್ತರದ ಪೆಂಗ್ವಿನ್, ಅದರ ಕಾಲ ಬುಡದಲ್ಲಿ ಸಿಗಡಿ. ಪರದೆಯ ಮೇಲೆ "ಭೂಮಿಗೆ ಭಾರವಾಗದ ಪ್ರವಾಸ" ಎಂಬರ್ಥದ ಇಂಗ್ಲಿಷ್ ಬರಹ. ಆ ಸಾಲನ್ನು ಬರೆದವರಿಗೆ ನಾಚಿಕೆ ಎಂಬುದು ಇತ್ತೇ?

ಯಜ್ಞೇಶ್ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಅಕ್ಕಿಯ ಕಥೆ ಹೇಳಿದ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ನಾಯಕಿ ಮುಂದೆ ಬಂದು ಕೈ ಚಾಚಿದಳು. ಆ ಕೈ ಕುಲುಕಿ ಕೆಳಗಿಳಿದಿದ್ದರೆ ನವೆಂಬರ್ ಅವನದಾಗುತ್ತಿತ್ತು. ಅವನ ಕೈ ಅರ್ಧ ಮೇಲಕ್ಕೂ ಬಂದಿತ್ತು.

"ಇನ್ನೊಂದು ಉಂಟು," ಎಂದ ಮೈಕಿನಲ್ಲಿ. ತಡವರಿಸುತ್ತ, ಎಲ್ಲಿಂದೆಲ್ಲಿಗೋ ಹಾರುತ್ತ ಪೆಟ್ರೋಲಿನ ಕಥೆ ಹೇಳಿದ. ಇದೂ ತಮಾಷೆಯೇ ಇರಬೇಕೆಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಸುಮ್ಮನಾದರು. ಒಬ್ಬ ಹೆಂಗಸು ಎದ್ದು, "ಪೆಂಗ್ವಿನ್‌ಗಳು ಸತ್ತವೇ?" ಎಂದು ಕೇಳಿದಳು.

"ಗೊತ್ತಿಲ್ಲ ಮೇಡಂ. ಹೋಗಿ ನೋಡ್ಲಿಕ್ಕೆ ಯಾರೂ ಬಿಡಲಿಲ್ಲ. ನಿಯಮ ಒಳ್ಳೆಯದು. ನನ್ನ ಅಕ್ಕಿಗೂ ಒಳ್ಳೆಯದು, ಇವರ ಪೆಟ್ರೋಲಿಗೂ ಒಳ್ಳೆಯದು. ನಾನು ಹೇಳುವುದು ಅಷ್ಟೇ."

ಬ್ರ್ಯಾಂಡನ್ ಮೈಕು ಕಿತ್ತುಕೊಂಡ. ತೆಳುವಾದ ಎಣ್ಣೆ ಹೇಗೆ ಬೇಗ ಆರುತ್ತದೆ ಎಂದು ನಾಯಕಿ ನಗುತ್ತಲೇ ವಿವರಿಸಿದಳು. ಸಂಗೀತ ಮತ್ತೆ ಶುರುವಾಯಿತು. ಯಜ್ಞೇಶ್ ಬಾಗಿಲು ದಾಟುವಷ್ಟರಲ್ಲಿ ಜನ ಹೆಸರು ಬರೆಸಲು ಸಾಲು ನಿಂತಿದ್ದರು. ಪ್ರಶ್ನೆ ಕೇಳಿದ ಹೆಂಗಸೂ ಆ ಸಾಲಿನಲ್ಲಿದ್ದಳು.

ಹೊರಗೆ ಶಿಹಾಬ್ ಕಾರಿನಲ್ಲಿ ಕಾಯುತ್ತಿದ್ದ. "ಎಂತಾಯ್ತು? ನವೆಂಬರ್?"

"ಮಾಫಿ ನವೆಂಬರ್. ನವೆಂಬರ್ ಇಲ್ಲ."

ಶಿಹಾಬ್ ಪಕ್ಕದ ಬಾಗಿಲು ತೆರೆದ. "ನಿನ್ನ ತಲೆ ಸಮ ಇಲ್ಲ ಮಾರಾಯ. ಯಲ್ಲಾ, ಕೂತ್ಕೊ. ನಜ್ಮಾಕ್ಕೆ ಹೋಗಿ ಪರೋಟ ತಿನ್ನುವ."

ಜನವರಿಯಲ್ಲಿ, ಅವನ ಹಳೆಯ ಹಡಗು ದಕ್ಷಿಣದ ಬೇಸಿಗೆಯಲ್ಲಿ ಹೊಸ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದಾಗ, ಯಜ್ಞೇಶ್ ಹಗ್ಗ ಹಿಡಿದಿದ್ದಲ್ಲೇ ದಕ್ಕೆಯ ಮೇಲೆ ಕುಸಿದ. ಹೃದಯ. ಐವತ್ತು ತುಂಬಿರಲಿಲ್ಲ. ಶಿಹಾಬ್ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಆಂಬುಲೆನ್ಸ್ ಬಂದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹೆಣ ಊರಿಗೆ ಹೋಯಿತು.

ಹದಿಮೂರನೆಯ ದಿನದ ಬೊಜ್ಜದ ಕ್ರಿಯೆ ಮುಗಿಸಿ ವಾರಿಜಾಕ್ಷಿ ಅಲ್ ವಕ್ರಾಕ್ಕೆ ಮರಳಿದಾಗ ಯಾರೋ ಅವಳಿಗೆ ಕಂಪನಿಯ ಜಾಹೀರಾತು ತೋರಿಸಿದರು. ಅದರಲ್ಲಿ ಅವನ ಫೋಟೊ: ಕೆಂಪು ಕೋಟು, ಹಿಂದೆ ಮಂಜು, ಮುಖದ ತುಂಬ ನಗು. ಅಡಿಯಲ್ಲಿ, "ಧ್ರುವದ ಕಡಲನ್ನು ಪ್ರೀತಿಸಿದ ನಮ್ಮ ಯಜ್ಞೇಶ್." ಬದುಕಿರುವವರೆಗೆ ಅವನನ್ನು ಯಾವ ಹಡಗಿಗೂ ಹತ್ತಗೊಡದವರು ಸತ್ತಮೇಲೆ "ನಮ್ಮ" ಎಂದರು.

ಅವಳು ಬ್ರ್ಯಾಂಡನ್‌ಗೆ ಫೋನ್ ಮಾಡಿದಳು.

"ಅಕ್ಕ, ಅದು ಗೌರವಕ್ಕೆ ಅಂತ ಹಾಕಿದ್ದು," ಎಂದ ಅವನು.

"ಗೌರವವಾ? ಹಾಗಾದ್ರೆ ಅಡಿಯಲ್ಲಿ ಬರೀರಿ. ಇವರು ನಮ್ಮ ಪೆಟ್ರೋಲ್ ನೋಡಿದ್ರು, ನೋಡಿದ್ದನ್ನು ಹೇಳಿದ್ರು, ಅದಕ್ಕೇ ಮತ್ತೆ ಕರೀಲಿಲ್ಲ ಅಂತ. ಅಷ್ಟು ಬರೆದ್ರೆ ಫೋಟೊ ಇರ್ಲಿ."

"ಅದು ಹೇಗೆ ಆಗ್ತದೆ ಅಕ್ಕ..."

"ಆಗುದಿಲ್ಲ ಅಲ್ವಾ? ಹಾಗಾದ್ರೆ ತೆಗೀರಿ. ಈಗಲೇ."

"ಮೇಡಂ ಹತ್ರ ಕೇಳ್ಬೇಕು."

"ಕೇಳಿ. ನಾನು ಫೋನ್ ಇಡುದಿಲ್ಲ."

ಅವಳು ಫೋನನ್ನು ಕಿವಿಯಿಂದ ತೆಗೆಯದೆ ಅಡುಗೆಮನೆಯ ಗೋಡೆಗೆ ಒರಗಿ ನಿಂತಳು. ಕೇಳಿಬರಲು ಅವನಿಗೆ ಬಹಳ ಹೊತ್ತು ಹಿಡಿಯಲಿಲ್ಲ. ಸಂಜೆಯೊಳಗೆ ಫೋಟೊ ಹೋಯಿತು. ಆ ಜಾಗದಲ್ಲಿ ಈಗ ಒಂದು ಪೆಂಗ್ವಿನ್ ಮರಿ ಇದೆ.